ತಂತಿ ತಲುಪದಲ್ಲಿ ತಂಪಿನ ಲೆಕ್ಕ

ಕೊಡಗಿನ ಕಾಫಿ ತೋಟಗಳ ನಡುವೆ ಸಾಗುವ ರಸ್ತೆಗಳಲ್ಲಿ ಈಚಿನ ವರ್ಷಗಳಲ್ಲಿ ಹೊಸ ಬಗೆಯ ವಾಹನವೊಂದು ಆಗಾಗ ಕಣ್ಣಿಗೆ ಬೀಳುತ್ತದೆ. ಮಲಗಲು ಮಂಚ, ಬೇಯಿಸಲು ಒಲೆ, ಮೀಯಲು ಪುಟ್ಟ ಕೋಣೆ ಎಲ್ಲವನ್ನೂ ಹೊಟ್ಟೆಯೊಳಗೆ ಇಟ್ಟುಕೊಂಡ ಕ್ಯಾರವಾನ್ ಅದು. ಮೊನ್ನೆಮೊನ್ನೆಯವರೆಗೆ ಕನ್ನಡಿಗರಿಗೆ ಕ್ಯಾರವಾನ್ ಎಂದರೆ ಸಿನಿಮಾ ತಾರೆಯರ ವಾಹನ. ಅದರ ಹಿಂದೆಯೇ ಗುಡುಗುಡು ಸದ್ದು ಮಾಡುತ್ತ ಜನರೇಟರ್ ಲಾರಿಯೂ ಬರಬೇಕು. ಪ್ರವಾಸಿಯ ಹಿಂದೆ ಅಂಥ ಲಾರಿ ಬರುವುದಿಲ್ಲ. ಆದರೆ ವಾಹನದ ನೆತ್ತಿಯ ಮೇಲೆ ಏ.ಸಿ. ಮಾತ್ರ ಇರುತ್ತದೆ. ಕಂಬವಿಲ್ಲದ, ತಂತಿಯಿಲ್ಲದ ತೋಟದ ಮೂಲೆಯಲ್ಲಿ ರಾತ್ರಿಯಿಡೀ ಅದನ್ನು ನಡೆಸುವ ಶಕ್ತಿ ಎಲ್ಲಿಂದ ಬರಬೇಕು?

ಮೇಲ್ನೋಟಕ್ಕೆ ಇದು ಉಳ್ಳವರ ಶೋಕಿಯ ಪ್ರಶ್ನೆ ಎನಿಸೀತು. ಆದರೆ ತಂತಿ ತಲುಪದ ಕಡೆ ತಂಪನ್ನೂ ಬೆಳಕನ್ನೂ ಹೊಂದಿಸಿಕೊಳ್ಳುವುದು ಹೇಗೆ ಎಂಬುದು ಎರಡು ಶತಮಾನಗಳ ಹಿಂದೆಯೂ ಜನರನ್ನು ಕಾಡಿದ ಪ್ರಶ್ನೆ. ಅದಕ್ಕೆ ಸಿಕ್ಕ ಉತ್ತರಗಳಲ್ಲಿ ಮಂಜುಗಡ್ಡೆ ಇದೆ, ರೈಲುಗಾಲಿ ಇದೆ, ಸೀಮೆಎಣ್ಣೆ ಇದೆ, ಬೆಟ್ಟದ ಹಳ್ಳವೂ ಇದೆ. ಆ ಉತ್ತರಗಳ ಸಾಲಿನಲ್ಲಿ ಕೊಡಗಿಗೂ ಒಂದು ಸ್ಥಾನವಿದೆ.

ಹದಿನೇಳು ದಿನಗಳ ಅಂತರ

1902ರ ಜೂನ್ 30ರಂದು ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ಹುಟ್ಟಿದ ವಿದ್ಯುತ್ತು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 35,000 ವೋಲ್ಟಿನ ಆ ಮಾರ್ಗ ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಅದಕ್ಕೆ ಐದು ವರ್ಷ ಮೊದಲು, 1897ರಲ್ಲಿ, ಡಾರ್ಜಿಲಿಂಗ್ ಬಳಿಯ ಸಿದ್ರಪೊಂಗ್‌ನಲ್ಲಿ 130 ಕಿಲೋವ್ಯಾಟ್‌ನ ಜಲವಿದ್ಯುತ್ ಕೇಂದ್ರ ಆರಂಭವಾಗಿತ್ತು. ಅದು ಒಂದು ಊರಿನ ದೀಪಕ್ಕೆಂದು ಹುಟ್ಟಿದ್ದು. ಶಿವನಸಮುದ್ರ ಹಾಗಲ್ಲ. ಶಕ್ತಿ ಹುಟ್ಟುವ ಜಾಗ ಒಂದು, ಬಳಸುವ ಜಾಗ ಇನ್ನೊಂದು ಎಂಬ ಹೊಸ ವ್ಯವಸ್ಥೆಯನ್ನು ಅದು ಈ ನಾಡಿಗೆ ತಂದಿತು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಿದ್ದೂ ಅದೇ ನೀರಿನ ಬಲದಿಂದ.

ಇದಾದ ಹದಿನೇಳನೆಯ ದಿನ, ಜುಲೈ 17ರಂದು, ಅಮೆರಿಕದಲ್ಲಿ ವಿಲಿಸ್ ಕ್ಯಾರಿಯರ್ ಎಂಬ ಇಪ್ಪತ್ತೈದರ ಎಂಜಿನಿಯರ್ ಒಂದು ನಕ್ಷೆಯನ್ನು ಮುಗಿಸಿದ. ಬ್ರೂಕ್ಲಿನ್ನಿನ ಮುದ್ರಣಾಲಯವೊಂದರಲ್ಲಿ ಬೇಸಿಗೆಯ ತೇವಕ್ಕೆ ಕಾಗದ ಹಿಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ಗಾಳಿಯಲ್ಲಿನ ತೇವವನ್ನು ಹಿಡಿತದಲ್ಲಿಡುವ ಉಪಾಯ ಅವನ ನಕ್ಷೆಯಲ್ಲಿತ್ತು. ಇಂದಿನ ಏ.ಸಿ.ಯ ಮೂಲ ಅದೇ. ಮನುಷ್ಯರನ್ನು ತಣ್ಣಗಿಡುವುದಕ್ಕಲ್ಲ, ಕಾಗದವನ್ನು ಒಣಗಿಸಿಡುವುದಕ್ಕೆ ಹುಟ್ಟಿದ ಯಂತ್ರ ಅದು.

ಈ ಎರಡು ಘಟನೆಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ. ಆದರೆ ಮುಂದಿನ ನೂರು ವರ್ಷಗಳಲ್ಲಿ ಅವು ಕೈಹಿಡಿದೇ ನಡೆದವು. ಏ.ಸಿ. ಹರಡಿದ್ದು ತಂತಿ ಹರಡಿದ ದಾರಿಯಲ್ಲಿ. ಶಿವನಸಮುದ್ರದ ಯಂತ್ರಗಳನ್ನು ತಿರುಗಿಸಿದ ನೀರಿನಲ್ಲಿ ತಲಕಾವೇರಿ, ಬ್ರಹ್ಮಗಿರಿಯ ಮಳೆಯ ಪಾಲೂ ಇತ್ತು. ಆಗ ಕೊಡಗು ಮೈಸೂರು ಸಂಸ್ಥಾನಕ್ಕೆ ಸೇರಿರಲಿಲ್ಲ. 1834ರಿಂದ ಬ್ರಿಟಿಷರ ನೇರ ಆಳ್ವಿಕೆಯಲ್ಲಿದ್ದ ಪ್ರತ್ಯೇಕ ಪ್ರಾಂತ. ಅದು ಮೈಸೂರು ರಾಜ್ಯದೊಳಗೆ ಬಂದದ್ದು 1956ರ ನವೆಂಬರ್ 1ರಂದು. ಬೆಟ್ಟದ ಮಳೆ ಕೆಳಗಿನ ಬಯಲಿನಲ್ಲಿ ಬೆಳಕಾಯಿತು. ಬೆಟ್ಟದ ಮೇಲಿನ ಮನೆಗಳು ಎಣ್ಣೆದೀಪ, ಲಾಟೀನುಗಳಲ್ಲಿಯೇ ಉಳಿದವು.

ಮಂಜುಗಡ್ಡೆಯ ಟನ್ನು

ಏ.ಸಿ. ಕೊಳ್ಳಲು ಹೋದವರಿಗೆ ಅಂಗಡಿಯವರು ಮೊದಲು ಕೇಳುವ ಪ್ರಶ್ನೆ, ‘ಒಂದು ಟನ್ನೋ, ಒಂದೂವರೆಯೋ?’ ಎಂಬುದು. ಗೋಡೆಗೆ ತೂಗುವ ಪೆಟ್ಟಿಗೆ ಒಂದು ಟನ್ ತೂಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಹಾಗಿದ್ದರೆ ಈ ಟನ್ ಯಾವುದು? ಅದು ಮಂಜುಗಡ್ಡೆಯ ಟನ್. ಅಮೆರಿಕದ ಅಳತೆಯ ಒಂದು ಟನ್, ಎಂದರೆ ಸುಮಾರು 907 ಕಿಲೋ ಮಂಜುಗಡ್ಡೆ, ಇಪ್ಪತ್ತನಾಲ್ಕು ಗಂಟೆಯಲ್ಲಿ ಪೂರ್ತಿ ಕರಗುವಾಗ ಸುತ್ತಲಿನಿಂದ ಎಷ್ಟು ಶಾಖವನ್ನು ಹೀರುತ್ತದೋ ಅಷ್ಟನ್ನು ಹೊರಹಾಕುವ ಯಂತ್ರ ಒಂದು ಟನ್ನಿನದು. ಇಂದಿನ ಲೆಕ್ಕದಲ್ಲಿ ಅದು ಮೂರೂವರೆ ಕಿಲೋವ್ಯಾಟ್ ತಂಪು. ಯಂತ್ರ ಬರುವ ಮೊದಲು ತಂಪು ಮಾರಾಟವಾಗುತ್ತಿದ್ದುದು ಮಂಜುಗಡ್ಡೆಯ ರೂಪದಲ್ಲಿ. ಆ ವ್ಯಾಪಾರದ ಗುರುತು ಇಂದಿಗೂ ಏ.ಸಿ.ಯ ಅಳತೆಯಲ್ಲಿ ಉಳಿದಿದೆ.

ಆ ವ್ಯಾಪಾರ ಭಾರತಕ್ಕೂ ಬಂದಿತ್ತು. 1833ರಲ್ಲಿ ಬೋಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ತನ್ನ ನಾಡಿನ ಕೆರೆಗಳು ಚಳಿಗಾಲದಲ್ಲಿ ಹೆಪ್ಪುಗಟ್ಟಿದಾಗ ಕೊಯ್ದ ಮಂಜುಗಡ್ಡೆಯನ್ನು ‘ಟಸ್ಕನಿ’ ಎಂಬ ಹಡಗಿನಲ್ಲಿ ಕಲ್ಕತ್ತೆಗೆ ಕಳಿಸಿದ. ಹೊರಟಾಗ ಸುಮಾರು 180 ಟನ್ ಇದ್ದದ್ದು ನಾಲ್ಕು ತಿಂಗಳ ಪಯಣದಲ್ಲಿ ಕರಗಿ ಕಲ್ಕತ್ತೆ ಮುಟ್ಟಿದಾಗ ಸುಮಾರು ನೂರು ಟನ್ ಉಳಿದಿತ್ತಂತೆ. ಮದರಾಸಿನ ಕಡಲತಡಿಯಲ್ಲಿ 1842ರಲ್ಲಿ ಅದಕ್ಕೆಂದೇ ಕಟ್ಟಿದ ಐಸ್ ಹೌಸ್ ಈಗಲೂ ನಿಂತಿದೆ. 1897ರಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ತಂಗಿದ್ದರಿಂದ ಅದೀಗ ವಿವೇಕಾನಂದರ ಹೆಸರಿನ ಮಂದಿರ.

ಐಸು ಬಂದರುಪಟ್ಟಣಗಳ ಸಾಹೇಬರಿಗೆ ಸಿಕ್ಕಿತು. ಒಳನಾಡಿನಲ್ಲಿದ್ದವರಿಗೆ ಲಾವಂಚದ ತಟ್ಟಿಯೇ ಗತಿ. ಬಾಗಿಲು ಕಿಟಕಿಗಳಿಗೆ ಲಾವಂಚದ ಬೇರಿನ ತಟ್ಟಿ ಕಟ್ಟಿ, ಅದಕ್ಕೆ ನೀರು ಚಿಮುಕಿಸುತ್ತಿದ್ದರೆ ಬೀಸುವ ಬಿಸಿಗಾಳಿ ತೇವವನ್ನು ಆರಿಸುತ್ತ ತಾನೇ ತಂಪಾಗಿ, ಪರಿಮಳ ಹೊತ್ತು ಒಳಬರುತ್ತಿತ್ತು. ಮೇಲೆ ಚಾವಣಿಗೆ ತೂಗುಹಾಕಿದ ಬಟ್ಟೆಯ ಪಂಖ, ಅದರ ಹಗ್ಗವನ್ನು ಹೊರಗಿನ ಜಗಲಿಯಲ್ಲಿ ಕೂತು ಎಳೆಯುವ ಆಳು. ತಂತಿಯ ಹಂಗಿಲ್ಲದ ತಂಪು ಎಂದು ಇದನ್ನು ಹೊಗಳುವ ಮೊದಲು ಒಂದನ್ನು ನೆನೆಯಬೇಕು. ಒಳಗೆ ಮಲಗಿದವನ ನಿದ್ದೆಗೆ ಹೊರಗೆ ಕೂತವನ ಎಚ್ಚರವೇ ಇಂಧನವಾಗಿತ್ತು.

ತಂತಿಯೂ ಇಲ್ಲದೆ, ಆಳೂ ಇಲ್ಲದೆ ತಂಪು ಹುಟ್ಟಿಸುವ ಯುಕ್ತಿ 1922ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿತು. ಬಾಲ್ಟ್ಸರ್ ಫಾನ್ ಪ್ಲಾಟನ್ ಮತ್ತು ಕಾರ್ಲ್ ಮುಂಟರ್ಸ್ ಎಂಬ ಇಬ್ಬರು ತರುಣರು ಬೆಂಕಿಯಿಂದ ನಡೆಯುವ ಶೀತಕಪೆಟ್ಟಿಗೆಯನ್ನು ರೂಪಿಸಿದರು. ಕೆಳಗೆ ಸೀಮೆಎಣ್ಣೆಯ ಸಣ್ಣ ಉರಿ. ಅದರ ಕಾವಿಗೆ ಕೊಳವೆಯೊಳಗಿನ ಅಮೋನಿಯಾ ನೀರಿನಿಂದ ಬೇರೆಯಾಗಿ, ಸುತ್ತಿ ಬಂದು, ಆವಿಯಾಗುವಾಗ ಪೆಟ್ಟಿಗೆಯನ್ನು ತಣ್ಣಗಾಗಿಸುತ್ತಿತ್ತು. ವಿದ್ಯುತ್ತಿಲ್ಲದ ಎಸ್ಟೇಟು ಬಂಗಲೆಗಳಿಗೂ ಲಸಿಕೆ ಕಾಪಾಡಬೇಕಾದ ದೂರದ ಆಸ್ಪತ್ರೆಗಳಿಗೂ ಇಂಥ ಪೆಟ್ಟಿಗೆಗಳು ದಶಕಗಳ ಕಾಲ ಆಸರೆಯಾದವು. ಆದರೆ ಸಣ್ಣ ಉರಿ ಪೆಟ್ಟಿಗೆಯೊಂದನ್ನು ತಂಪಾಗಿಡಬಲ್ಲುದು, ಕೋಣೆಯನ್ನಲ್ಲ.

ಗಾಲಿಯಿಂದ ಬಂದ ಕರೆಂಟು

ಓಡುವ ಬಂಡಿಯೊಳಗೆ ತಂಪು ಬೇಕೆಂಬ ಆಸೆಗೆ ಭಾರತದಲ್ಲಿ ಮೊದಲು ಉತ್ತರ ಹುಡುಕಿದ್ದು ರೈಲ್ವೆ. 1930ರ ದಶಕದಲ್ಲಿ ಮುಂಬಯಿ ಮತ್ತು ಪೇಶಾವರದ ನಡುವೆ ಓಡುತ್ತಿದ್ದ ಫ್ರಂಟಿಯರ್ ಮೇಲ್‌ನಲ್ಲಿ ಬೋಗಿಯ ಅಡಿ ಮಂಜುಗಡ್ಡೆಯ ದಿಮ್ಮಿಗಳನ್ನಿಟ್ಟು, ಅವುಗಳ ಮೇಲಿಂದ ಗಾಳಿಯನ್ನು ಊದಿ ಒಳಗೆ ಹಾಯಿಸುತ್ತಿದ್ದರು. ದಾರಿಯ ನಿಲ್ದಾಣಗಳಲ್ಲಿ ಹೊಸ ದಿಮ್ಮಿ ತುಂಬಬೇಕಿತ್ತು. ನಗುವಂಥ ಉಪಾಯವೇನಲ್ಲ ಇದು. ವಿದ್ಯುತ್ತನ್ನು ಕೂಡಿಡುವುದಕ್ಕಿಂತ ತಂಪನ್ನೇ ಕೂಡಿಡುವುದು ಸುಲಭ ಎಂಬ ತಿಳಿವಳಿಕೆ ಅದರ ಹಿಂದಿದೆ. ಇಂದು ಬಿಸಿಲಿನಿಂದ ನಡೆಯುವ ಲಸಿಕೆ ಪೆಟ್ಟಿಗೆಗಳು ಹಗಲು ಐಸು ಕಟ್ಟಿ, ರಾತ್ರಿ ಆ ಐಸಿನ ಆಸರೆಯಲ್ಲೇ ತಣ್ಣಗಿರುವುದು ಇದೇ ತತ್ವದ ಮೇಲೆ.

ರೈಲುಬೋಗಿಗಳ ದೀಪ, ಫ್ಯಾನುಗಳಿಗೆ ಶಕ್ತಿ ಬರುತ್ತಿದ್ದುದು ಅವುಗಳ ಗಾಲಿಯಿಂದಲೇ. ಅಚ್ಚು ತಿರುಗಿದಂತೆ ಅದಕ್ಕೆ ಬೆಲ್ಟು ಹಾಕಿದ ಡೈನಮೋ ತಿರುಗುತ್ತದೆ, ಬೋಗಿಯ ಅಡಿಯ ಬ್ಯಾಟರಿ ತುಂಬುತ್ತದೆ, ರೈಲು ನಿಂತಾಗ ಬ್ಯಾಟರಿ ದೀಪ ಉರಿಸುತ್ತದೆ. ಏ.ಸಿ. ಬೋಗಿಗಳೂ ಇದೇ ದಾರಿ ಹಿಡಿದವು. ಹಳೆಯ ಮಾದರಿಯ ಏ.ಸಿ. ಬೋಗಿಯ ಅಡಿ 25 ಕಿಲೋವ್ಯಾಟ್‌ನ ಎರಡು ಆಲ್ಟರ್ನೇಟರ್‌ಗಳು, 110 ವೋಲ್ಟಿನ 1,100 ಆಂಪಿಯರ್-ಗಂಟೆಯ ಬ್ಯಾಟರಿ ಸಾಲು. ಗುಣಿಸಿ ನೋಡಿದರೆ ಅದು 121 ಯೂನಿಟ್ ಆಗುತ್ತದೆ. ಒಂದು ಬೋಗಿ ತನ್ನ ತಂಪನ್ನು ಕಾಯ್ದುಕೊಳ್ಳಲು ಒಂದು ಮನೆಯ ತಿಂಗಳ ವಿದ್ಯುತ್ತಿನಷ್ಟನ್ನು ಹೊಟ್ಟೆಯಡಿ ಹೊತ್ತು ತಿರುಗಬೇಕಿತ್ತು. 1969ರಲ್ಲಿ ರಾಜಧಾನಿ ಎಕ್ಸ್‌ಪ್ರೆಸ್ ಬಂದಾಗ ಇಡೀ ರೈಲಿನ ಏ.ಸಿ.ಗೆ ಜನರೇಟರ್ ಬೋಗಿಯನ್ನೇ ಜೋಡಿಸಬೇಕಾಯಿತು. ಈಚೆಗೆ ರೈಲ್ವೆ ಆ ಹೊಣೆಯನ್ನು ವಿದ್ಯುತ್ ಎಂಜಿನ್ನಿಗೇ ವಹಿಸುತ್ತಿದೆ.

ಕೊಡಗು ಇಂದಿಗೂ ರೈಲುಹಳಿ ಇಲ್ಲದ ಜಿಲ್ಲೆ. ಅಲ್ಲಿಗೆ ತಂತಿಗಿಂತ ಮೊದಲು ಬಂದ ಶಕ್ತಿ ಎಣ್ಣೆ ಎಂಜಿನ್ನಿನದು. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯ ಬಳಿ ಯುರೋಪಿಯನ್ನರ ಮೊದಲ ಕಾಫಿ ತೋಟ ತೆರೆದ. ಕಾಫಿ ಹಣ್ಣು ಕೊಯ್ದ ದಿನವೇ ಸಿಪ್ಪೆ ಬಿಡಿಸಬೇಕಾದ್ದರಿಂದ ಪಲ್ಪರ್ ತಿರುಗಿಸಲು ತೋಟದಲ್ಲಿಯೇ ಶಕ್ತಿ ಬೇಕಿತ್ತು. ಇಂಗ್ಲೆಂಡಿನ ಲಿಸ್ಟರ್ ಎಂಜಿನ್ನು ಮತ್ತು ಅದರ ಜೊತೆಗೆ ಬೆಳೆದ ಕಿರ್ಲೋಸ್ಕರ್ ಎಂಜಿನ್ನು ದೇಶದ ತೋಟ, ಗದ್ದೆ, ಗಿರಣಿಗಳಲ್ಲೆಲ್ಲ ಮನೆಮಾತಾದವು. ಕಿರ್ಲೋಸ್ಕರ್ ಉದ್ಯಮದ ಮೂಲಪುರುಷ ಲಕ್ಷ್ಮಣರಾಯರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. 1888ರಲ್ಲಿ ಬೆಳಗಾವಿಯ ಸೈಕಲ್ ಅಂಗಡಿಯಿಂದ ಹೊರಟ ಆ ಉದ್ಯಮ 1946ರಲ್ಲಿ ಪುಣೆಯಲ್ಲಿ ಆಯಿಲ್ ಎಂಜಿನ್ನುಗಳ ಕಂಪನಿಯಾಯಿತು. ಊರೂರು ಅಲೆಯುತ್ತಿದ್ದ ಟೂರಿಂಗ್ ಟಾಕೀಸುಗಳ ಬೆಳ್ಳಿತೆರೆ ಬೆಳಗಿದ್ದೂ ಡೇರೆಯ ಹಿಂದೆ ಗುಡುಗುತ್ತಿದ್ದ ಎಂಜಿನ್ನಿನಿಂದಲೇ. ಹಾಗೆ ನೋಡಿದರೆ ಕನ್ನಡ ನಾಡಿನಲ್ಲಿ ತಂತಿಯ ಹಂಗಿಲ್ಲದೆ ಬೀಡುಬಿಟ್ಟ ಮೊದಲ ‘ಕ್ಯಾಂಪರ್’ಗಳಲ್ಲಿ ಟೂರಿಂಗ್ ಟಾಕೀಸಿನವರನ್ನೂ ಸೇರಿಸಬೇಕು.

ಐನ್‌ಮನೆಗೆ ಬೇಕಿದ್ದುದು ತಂಪಲ್ಲ

ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಏ.ಸಿ.ಯ ಅಗತ್ಯವೇನು ಎಂಬ ಪ್ರಶ್ನೆ ನ್ಯಾಯವಾದದ್ದೇ. ಕೊಡವರ ಐನ್‌ಮನೆಗಳ ರಚನೆಯನ್ನು ನೋಡಿದರೆ ಹಿರಿಯರನ್ನು ಕಾಡುತ್ತಿದ್ದುದು ಸೆಖೆಗಿಂತ ಹೆಚ್ಚಾಗಿ ಮಳೆ ಎಂಬುದು ತಿಳಿಯುತ್ತದೆ. ನೆಲದಿಂದ ಎತ್ತರಿಸಿ ಕಟ್ಟಿದ ಜಗಲಿ, ದಪ್ಪ ಗೋಡೆ, ಮುಂಚಾಚಿದ ಇಳಿಮಾಡು, ನಡುವೆ ಬೆಳಕು ಗಾಳಿಗೆಂದು ತೆರೆದ ಅಂಗಳ. ನೆಲ್ಲಕ್ಕಿ ನಡುಬಾಡೆಯಲ್ಲಿ ಬೆಳಗುವ ದೀಪ ಕುಲದ ಹಿರಿಯರ ನೆನಪಿನದು. ಅಡುಗೆಮನೆಯ ಒಲೆ ಅನ್ನ ಬೇಯಿಸುವುದರ ಜೊತೆಗೆ ಮನೆಯ ತೇವವನ್ನೂ ಆರಿಸುತ್ತಿತ್ತು. ಅದರ ಹೊಗೆ ಕಾವುಗಳಲ್ಲಿ ಮಾಂಸ, ಸೌದೆ, ಬಿತ್ತನೆಯ ಬೀಜ ಎಲ್ಲವೂ ಒಣಗಿ ಉಳಿಯುತ್ತಿದ್ದವು.

ಮಳೆಗಾಲದಲ್ಲಿ ಕೊಡಗಿಗೆ ಬರುವ ಅತಿಥಿಗೆ ಇದು ಎರಡನೆಯ ದಿನವೇ ಅರಿವಾಗುತ್ತದೆ. ಬಟ್ಟೆ ಒಣಗದು, ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಉಪ್ಪು ನೀರಾಗುತ್ತದೆ. ಮುಚ್ಚಿದ ಕ್ಯಾರವಾನಿನೊಳಗೆ ನಾಲ್ಕು ಜನರ ಉಸಿರಿನ ತೇವವೂ ಸೇರಿಕೊಳ್ಳುತ್ತದೆ. ಅಲ್ಲಿ ಏ.ಸಿ. ಮಾಡುವ ದೊಡ್ಡ ಉಪಕಾರ ಗಾಳಿಯಿಂದ ನೀರನ್ನು ಹಿಂಡುವುದು, ಎಂದರೆ 1902ರಲ್ಲಿ ಕ್ಯಾರಿಯರ್ ತನ್ನ ಯಂತ್ರದಿಂದ ಬಯಸಿದ ಅದೇ ಕೆಲಸ. ಇನ್ನು ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಕುಶಾಲನಗರದತ್ತ ಇಳಿದರೆ, ಬಿಸಿಲಿಗೆ ಕಾದ ತಗಡಿನ ವಾಹನದಲ್ಲಿ ತಂಪಿನ ಆಸೆಯೂ ಅಸಹಜವಲ್ಲ.

ಒಂದು ರಾತ್ರಿಯ ಲೆಕ್ಕ

ಈಗ ಲೆಕ್ಕಕ್ಕೆ ಬರೋಣ. ಚೆನ್ನಾಗಿ ಹೊದಿಕೆ ಹಾಕಿದ ಕ್ಯಾರವಾನಿಗೆ ಒಂದು ಟನ್ನಿನ ಏ.ಸಿ. ಸಾಕು. ಅದು ಬಿಟ್ಟು ಬಿಟ್ಟು ನಡೆಯುವುದರಿಂದ ಸರಾಸರಿ 600ರಿಂದ 1,000 ವ್ಯಾಟ್ ಎಳೆಯುತ್ತದೆ ಎಂದುಕೊಂಡರೆ, ಎಂಟು ಗಂಟೆಯ ನಿದ್ದೆಗೆ ಐದರಿಂದ ಎಂಟು ಯೂನಿಟ್ ಬೇಕು. ಮನೆಯ ಯು.ಪಿ.ಎಸ್.ಗೆ ಬಳಸುವ 12 ವೋಲ್ಟಿನ 150 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ 1.8 ಯೂನಿಟ್ ಇರುತ್ತದೆ. ಅದರ ಆಯುಷ್ಯ ಉಳಿಯಬೇಕಾದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡುವಂತಿಲ್ಲ. ಹಾಗಾಗಿ ಒಂದು ರಾತ್ರಿಗೆ ಆರರಿಂದ ಒಂಬತ್ತು ಬ್ಯಾಟರಿ. ಒಂದೊಂದೂ ಐವತ್ತು ಕಿಲೋದಷ್ಟು ತೂಗುವುದರಿಂದ ಅತಿಥಿಗಳಿಗಿಂತ ಬ್ಯಾಟರಿಯ ಭಾರವೇ ಹೆಚ್ಚಾಗುತ್ತದೆ.

ಈ ಕಷ್ಟವನ್ನು ಹಗುರ ಮಾಡಿದ್ದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಈ ವಸ್ತುವಿನ ಗುಣವನ್ನು ಕಂಡು 1997ರಲ್ಲಿ ಪ್ರಕಟಿಸಿದ ಪ್ರಬಂಧದ ಮೇಲೆ ಮೂರು ಹೆಸರುಗಳಿವೆ. ಒಂದು, ಮುಂದೆ 2019ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಜಾನ್ ಗುಡ್‌ಇನಫ್ ಅವರದು. ಉಳಿದೆರಡು ಎ.ಕೆ. ಪಾಢಿ ಮತ್ತು ಕನ್ನಡದ ಕಿವಿಗೆ ಆಪ್ತವಾಗಿ ಕೇಳುವ ಕೆ.ಎಸ್. ನಂಜುಂಡಸ್ವಾಮಿ. ಈ ಬ್ಯಾಟರಿಯ ಬಹುಪಾಲನ್ನು ಧೈರ್ಯವಾಗಿ ಬಳಸಬಹುದು. ತೂಕವೂ ಸೀಸದ್ದರ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ಒಂದು ರಾತ್ರಿಯ ತಂಪು ಈಗ ನೂರು ಕಿಲೋದ ಆಸುಪಾಸಿನಲ್ಲಿ ಅಡಗುತ್ತದೆ.

ಆದರೆ ಬ್ಯಾಟರಿ ಎಂದರೆ ಕಣಜ, ಗದ್ದೆಯಲ್ಲ. ಅದನ್ನು ತುಂಬುವುದು ಹೇಗೆ? ವಾಹನದ ಮಾಡಿನ ಮೇಲೆ ಒಂದು ಕಿಲೋವ್ಯಾಟ್‌ನಷ್ಟು ಸೌರಫಲಕ ಕೂರಬಹುದು. ಬಯಲುಸೀಮೆಯ ಒಳ್ಳೆಯ ಬಿಸಿಲಿನಲ್ಲಿ ಅದು ದಿನಕ್ಕೆ ನಾಲ್ಕೈದು ಯೂನಿಟ್ ಕೊಟ್ಟೀತು. ಆಷಾಢದ ಮೋಡದ ಕೆಳಗೆ ಅದರ ಸಣ್ಣ ಭಾಗವೂ ಕಷ್ಟ. ಇನ್ನು ಸಿಲ್ವರ್ ಓಕ್, ಹಾಲುವಾಣ, ಅತ್ತಿ, ಬೀಟೆಗಳ ನೆರಳಿನಲ್ಲಿ ಬೆಳೆಯುವುದೇ ಕೊಡಗಿನ ಕಾಫಿಯ ಹೆಗ್ಗಳಿಕೆ. ನೆರಳಿನಲ್ಲಿ ನಿಂತರೆ ತಂಪಿದೆ, ಕರೆಂಟಿಲ್ಲ. ಬಿಸಿಲಿಗೆ ನಿಂತರೆ ಕರೆಂಟಿದೆ, ತಂಪಿಲ್ಲ.

ಎರಡನೆಯ ದಾರಿ ಹಳೆಯ ರೈಲುಬೋಗಿಯದು. ವಾಹನದ ಎಂಜಿನ್ನಿಗೆ ನೂರು ಆಂಪಿಯರಿನ ಆಲ್ಟರ್ನೇಟರ್ ಜೋಡಿಸಿದರೆ ಓಡಿದ ಪ್ರತಿ ಗಂಟೆಗೂ 1.2 ಯೂನಿಟ್ ಸಿಗುತ್ತದೆ. ಬೆಂಗಳೂರಿನಿಂದ ಮಡಿಕೇರಿಗೆ ಐದಾರು ಗಂಟೆಯ ಹಾದಿ. ಅಷ್ಟರಲ್ಲಿ ಒಂದು ರಾತ್ರಿಗೆ ಸಾಕಾಗುವ ಶಕ್ತಿ ತುಂಬಿರುತ್ತದೆ. ಆದರೆ ಎರಡನೆಯ ರಾತ್ರಿ ಅಲ್ಲೇ ತಂಗಬೇಕೆಂದರೆ ಮತ್ತೆ ಊರು ಸುತ್ತಬೇಕು, ಇಲ್ಲವೇ ಡೀಸೆಲ್ ಜನರೇಟರ್ ಹಚ್ಚಬೇಕು. ಕಾಡಂಚಿನ ಮೌನವನ್ನು ಅರಸಿ ಬಂದವರು ರಾತ್ರಿಯಿಡೀ ಎಂಜಿನ್ನಿನ ಸದ್ದು ಕೇಳುತ್ತ, ಆನೆಗೂ ನೆರೆಯವರಿಗೂ ಕೇಳಿಸುತ್ತ ಮಲಗಿದರೆ ಬಂದ ಪುರುಷಾರ್ಥವೇನು?

ಕೊಲ್ಲಿಯ ನೀರು

ಕೊಡಗಿನಲ್ಲಿ ತಂತಿಯ ಹಂಗಿಲ್ಲದ ವಿದ್ಯುತ್ತಿಗೆ ಒಂದು ಸಹಜ ಮೂಲವಿದೆ. ಅದು ಬೆಟ್ಟದ ಮಡಿಲಿನಿಂದ ಇಳಿಯುವ ಸಣ್ಣ ಕೊಲ್ಲಿ. ಸೆಕೆಂಡಿಗೆ ಹತ್ತು ಲೀಟರ್, ಎಂದರೆ ಒಂದು ಕೊಡಕ್ಕಿಂತ ಕಡಿಮೆ ನೀರು, ಇಪ್ಪತ್ತು ಮೀಟರ್ ಎತ್ತರದಿಂದ ಇಳಿದರೆ ಅದರಲ್ಲಿ ಸುಮಾರು ಎರಡು ಕಿಲೋವ್ಯಾಟ್ ಬಲವಿರುತ್ತದೆ. ಕೊಳವೆ, ಚಕ್ರ, ಜನರೇಟರುಗಳಲ್ಲಿ ಅರ್ಧ ಸೋರಿಹೋದರೂ ಒಂದು ಕಿಲೋವ್ಯಾಟ್ ಕೈಗೆ ಸಿಗುತ್ತದೆ. ಸೂರ್ಯನಂತೆ ಇದು ಸಂಜೆಗೆ ಮುಳುಗುವುದಿಲ್ಲ. ಹಗಲು ರಾತ್ರಿ ಹರಿದು ದಿನಕ್ಕೆ 24 ಯೂನಿಟ್ ಕೊಡುತ್ತದೆ, ಅದೇ ಅಳತೆಯ ಸೌರಫಲಕದ ಐದರಷ್ಟು.

ಪಿಕೋ ಹೈಡ್ರೋ ಎಂಬ ಹೆಸರಿನ ಈ ಕಿರುಯಂತ್ರಗಳು ಕಳೆದ ಕೆಲವು ದಶಕಗಳಲ್ಲಿ ಉತ್ತರ ಕನ್ನಡದಿಂದ ಕೊಡಗಿನವರೆಗಿನ ಮಲೆನಾಡಿನ ಒಂಟಿಮನೆಗಳಲ್ಲಿ ಬೆಳಕು ತಂದವು. ರಾಜ್ಯದ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ಸಂಸ್ಥೆ ಸಹಾಯಧನ ಕೊಟ್ಟು ಇವನ್ನು ಹಬ್ಬಿಸಿತು. ರಚನೆ ಸರಳ. ಮೇಲೊಂದು ಪುಟ್ಟ ಕಟ್ಟ, ಅಲ್ಲಿಂದ ಪಿ.ವಿ.ಸಿ. ಕೊಳವೆ, ಕೆಳಗೆ ಬಟ್ಟಲುಗಳಿರುವ ಚಕ್ರ. ಕೊಳವೆಯ ತುದಿಯಿಂದ ಚಿಮ್ಮಿದ ನೀರು ಬಟ್ಟಲಿಗೆ ಬಡಿದು ಚಕ್ರ ತಿರುಗಿಸಿ, ಮತ್ತೆ ತೋಟದ ಕಾಲುವೆ ಸೇರುತ್ತದೆ. ದೀಪಗಳನ್ನು ಆರಿಸಿದಾಗ ಭಾರ ಕಡಿಮೆಯಾಗಿ ಚಕ್ರ ಅತಿವೇಗ ಹಿಡಿಯಬಾರದೆಂದು ಉಳಿದ ವಿದ್ಯುತ್ತನ್ನು ನೀರು ಕಾಯಿಸುವ ಕಾಯಿಲ್‌ಗೆ ತಿರುಗಿಸುತ್ತಾರೆ. ಬೇಡವಾದ ಕರೆಂಟು ಬಚ್ಚಲಿನ ಬಿಸಿನೀರಾಗುತ್ತದೆ. ಜಡಿಮಳೆಯ ಕಾಲದಲ್ಲಿ ಅದಕ್ಕಿಂತ ಸುಖ ಇನ್ನೇನಿದೆ?

ಇದಕ್ಕೂ ಮಿತಿಯಿದೆ. ಜೂನ್‌ನಿಂದ ತುಂಬಿ ಹರಿಯುವ ಕೊಲ್ಲಿ ಚಳಿಗಾಲ ಕಳೆಯುವ ಹೊತ್ತಿಗೆ ಬಡವಾಗಿ, ಬೇಸಿಗೆಯಲ್ಲಿ ಹಲವೆಡೆ ಬತ್ತುತ್ತದೆ. ಸೆಖೆ ಏರಿದಾಗ ನೀರಿಲ್ಲ. ನೀರು ಉಕ್ಕುವಾಗ ಸೆಖೆಯಿಲ್ಲ. ಶಿವನಸಮುದ್ರಕ್ಕೂ ಇದೇ ಕಷ್ಟವಿತ್ತು. ಬೇಸಿಗೆಯಲ್ಲಿ ಅಲ್ಲಿಗೆ ನೀರು ಸಾಲದೆ ಹೋಗುತ್ತಿದ್ದುದು 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಗಲು ಒಂದು ಮುಖ್ಯ ಕಾರಣ. ಒಂಟಿಮನೆಯವರು ಕನ್ನಂಬಾಡಿ ಕಟ್ಟಲಾರರು. ಆದರೆ ಜಡಿಮಳೆಯ ತಿಂಗಳುಗಳಿಗೆ ಕೊಲ್ಲಿ, ಬಿಸಿಲಿನ ತಿಂಗಳುಗಳಿಗೆ ಸೌರಫಲಕ ಎಂದು ವರ್ಷವನ್ನು ಹಂಚಿಕೊಂಡರೆ ಎರಡೂ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತವೆ.

ತಂತಿಯೊಂದೇ ಗಟ್ಟಿ ಎಂಬ ನಂಬಿಕೆಯನ್ನು 2018ರ ಆಗಸ್ಟ್ ಅಲುಗಿಸಿತು. ಮಡಿಕೇರಿ ಸುತ್ತಲಿನ ಬೆಟ್ಟಗಳು ಕುಸಿದು, ಮಕ್ಕಂದೂರು, ಜೋಡುಪಾಲದಂಥ ಊರುಗಳು ನಲುಗಿದಾಗ ರಸ್ತೆಯ ಜೊತೆಗೆ ಕಂಬಗಳೂ ಉರುಳಿದವು. ನೆರವು ಬೇಡಿ ಕರೆಮಾಡಲು ಮೊಬೈಲಿಗೆ ಚಾರ್ಜು ಇಲ್ಲದ ಹೊತ್ತಿನಲ್ಲಿ ಒಂದು ಸಣ್ಣ ಸೌರಫಲಕದ ಬೆಲೆ ಎಷ್ಟೆಂಬುದು ತಿಳಿಯಿತು.

ಹಾಡಿಯ ದೀಪ

ಪ್ರವಾಸಿಗೆ ತಂತಿಯಿಂದ ದೂರವಿರುವುದು ಎರಡು ದಿನಗಳ ಆಯ್ಕೆ. ಕೊಡಗಿನ ಕಾಡೊಳಗಿನ ಹಾಡಿಗಳಲ್ಲಿ ಬಾಳುವ ಜೇನುಕುರುಬ, ಯರವ ಕುಟುಂಬಗಳಿಗೆ ಅದು ಆಯ್ಕೆಯಾಗಿರಲಿಲ್ಲ. ರಕ್ಷಿತಾರಣ್ಯದಲ್ಲಿ ಕಂಬ ನೆಡಲು ಅರಣ್ಯ ಕಾನೂನು ಅಡ್ಡ ಬರುತ್ತದೆ ಎಂಬ ಉತ್ತರವನ್ನು ಇಂಥ ಹಾಡಿಗಳು ದಶಕಗಳಿಂದ ಕೇಳುತ್ತ ಬಂದಿವೆ. ಅದೇ ದಕ್ಷಿಣ ಕೊಡಗಿನ ತೋಟ ಕಾಡುಗಳ ಮೇಲೆ ಮೈಸೂರಿನಿಂದ ಕೋಯಿಕ್ಕೋಡಿಗೆ 400 ಕಿಲೋವೋಲ್ಟಿನ ಮಾರ್ಗ ಹಾಯಿತು. ಜನರ ವಿರೋಧದ ನಡುವೆಯೇ 2015ರ ಹೊತ್ತಿಗೆ ಸಾವಿರಾರು ಮರಗಳು ಅದಕ್ಕಾಗಿ ಉರುಳಿದವು. ದೂರದ ಊರಿಗೆ ಒಯ್ಯುವ ತಂತಿಗೆ ಕಾಡು ದಾರಿ ಬಿಟ್ಟಿತು. ಕಾಡಿನವರ ಮನೆಯ ತಂತಿಗೆ ಬಿಡಲಿಲ್ಲ.

2006ರ ಅರಣ್ಯ ಹಕ್ಕು ಕಾಯ್ದೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಅದರ 3ನೆಯ ಸೆಕ್ಷನ್ನಿನ 2ನೆಯ ಉಪಸೆಕ್ಷನ್ ಶಾಲೆ, ಆಸ್ಪತ್ರೆ, ರಸ್ತೆಗಳ ಜೊತೆಗೆ ವಿದ್ಯುತ್ ತಂತಿಗೂ ಅಸಾಂಪ್ರದಾಯಿಕ ಶಕ್ತಿಮೂಲಗಳಿಗೂ ಅರಣ್ಯಭೂಮಿ ಬಿಟ್ಟುಕೊಡಲು ಅವಕಾಶ ಕೊಡುತ್ತದೆ. ಷರತ್ತುಗಳು ಮೂರು: ಒಂದೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯದಿರುವುದು, ಗ್ರಾಮಸಭೆಯ ಶಿಫಾರಸು. ಕಾನೂನು ಬಾಗಿಲು ತೆರೆದಿದ್ದರೂ ಅದನ್ನು ದಾಟಿಸುವವರು ಬೇಕು.

2017ರಲ್ಲಿ ಆರಂಭವಾದ ಕೇಂದ್ರದ ಸೌಭಾಗ್ಯ ಯೋಜನೆ ತಂತಿ ತಲುಪದ ಮನೆಗಳಿಗೆಂದು ಗೊತ್ತುಮಾಡಿದ್ದು 200ರಿಂದ 300 ವ್ಯಾಟ್‌ನ ಸೌರಘಟಕ: ಐದು ಎಲ್‌ಇಡಿ ದೀಪ, ಒಂದು ಫ್ಯಾನು, ಒಂದು ಪ್ಲಗ್ಗು. ಐದು ದೀಪ ಐದು ಗಂಟೆ ಉರಿದು, ಫ್ಯಾನು ರಾತ್ರಿಯಿಡೀ ತಿರುಗಿದರೂ ಖರ್ಚು ಅರ್ಧ ಯೂನಿಟ್ ದಾಟದು. ಕ್ಯಾರವಾನಿನ ಏ.ಸಿ. ಒಂದು ರಾತ್ರಿ ನುಂಗುವ ಶಕ್ತಿಯಲ್ಲಿ ಇಂಥ ಒಂದು ಮನೆ ಹತ್ತು ಹದಿನೈದು ರಾತ್ರಿ ಬೆಳಗುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ರಾಜ್ಯದಲ್ಲಿ 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆ ತಿಂಗಳಿಗೆ 200 ಯೂನಿಟ್‌ವರೆಗಿನ ಬಳಕೆಯ ಬಿಲ್ಲನ್ನು ಮನ್ನಾ ಮಾಡುತ್ತದೆ. ಆದರೆ ಮೀಟರಿಲ್ಲದ ಮನೆಗೆ ಬಿಲ್ಲೂ ಇಲ್ಲ, ಮನ್ನಾವೂ ಇಲ್ಲ. ಬ್ಯಾಟರಿ ಸತ್ತಾಗ ಹೊಸದನ್ನು ಕೊಳ್ಳುವ ಖರ್ಚು ಮಾತ್ರ ಆ ಮನೆಯವರದೇ.

ಬಡವರ ಮನೆಯ ಸೌರದೀಪ ದಾನದ ವಸ್ತುವಲ್ಲ, ದುರಸ್ತಿ ಮತ್ತು ಸಾಲದ ಏರ್ಪಾಡಿದ್ದರೆ ಬಾಳುವ ವಸ್ತು ಎಂಬುದನ್ನು ಕರ್ನಾಟಕವೇ ತೋರಿಸಿಕೊಟ್ಟಿದೆ. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಕಟ್ಟಿದ ಸೆಲ್ಕೊ ಸಂಸ್ಥೆ ಬ್ಯಾಂಕುಗಳಿಂದ ಸಾಲ ಕೊಡಿಸಿ, ಹತ್ತಿರದ ಊರಿನಲ್ಲೇ ರಿಪೇರಿಯವರನ್ನಿಟ್ಟು ಸಣ್ಣ ಮನೆಗಳಿಗೆ ಸೌರದೀಪ ತಲುಪಿಸಿತು. 2011ರಲ್ಲಿ ಹಂದೆ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಈ ಕೆಲಸಕ್ಕಾಗಿ.

ಉಳ್ಳವರ ಶೋಕಿಗಾಗಿ ಹುಟ್ಟಿದ ಯಂತ್ರ ಇಲ್ಲದವರ ಅಗತ್ಯಕ್ಕೆ ಒದಗಿದ ನಿದರ್ಶನಗಳು ತಂತ್ರಜ್ಞಾನದ ಚರಿತ್ರೆಯಲ್ಲಿ ಕಡಿಮೆಯೇನಿಲ್ಲ. ಬಂಗಲೆಯ ಪಾನೀಯ ತಣ್ಣಗಿಡುತ್ತಿದ್ದ ಸೀಮೆಎಣ್ಣೆಯ ಪೆಟ್ಟಿಗೆ ಹಳ್ಳಿ ಮಕ್ಕಳ ಲಸಿಕೆ ಕಾಯ್ದಿತು. ಕ್ಯಾರವಾನಿನ ಏ.ಸಿ.ಗೆಂದು ಅಗ್ಗವೂ ಹಗುರವೂ ಆಗುತ್ತಿರುವ ಬ್ಯಾಟರಿಯ ಹತ್ತರಲ್ಲೊಂದು ಪಾಲು ಸಾಕು, ನಾಗರಹೊಳೆಯ ಅಂಚಿನ ಹಾಡಿಯಲ್ಲಿ ಮಗುವೊಂದು ರಾತ್ರಿ ಪಾಠ ಓದಲು. ಬಿಸಿಲಿಗೂ ಬೆಟ್ಟದ ನೀರಿಗೂ ಕೊಡಗಿನಲ್ಲಿ ಕೊರತೆಯಿಲ್ಲ. ಇನ್ನು ಬೇಕಿರುವುದು ಗ್ರಾಮಸಭೆಯ ಠರಾವೊಂದು ಕಚೇರಿಯ ಕಡತದಲ್ಲಿ ಮಲಗದೆ ಹಾಡಿಯವರೆಗೆ ನಡೆದುಬರುವುದು.